ಅಕ್ಕಡಿ ಸಾಲಿನ ಹಸಿರು ಬಟ್ಟೆ

ಆಗಿನ್ನೂ ನಮ್ಮ ಕಡೆ ಮಳೆಯನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ಆರಿದ್ರೆ ಬಂತಾ, ಪುನರ್ವಸು ಎಲ್ಲಿಗೆ ಹೋಯಿತು, ಪುಷ್ಯ ಈ ಸಲ ಕೈಕೊಡುತ್ತೋ ಏನೋ ಎಂದು ಊರಿಗೆ ಬರಬೇಕಾದ ನೆಂಟರ ವಿಷಯ ಮಾತಾಡಿದಂತೆ ಮಾತಾಡುತ್ತಿದ್ದರು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ಹಿಪ್ಪುನೇರಳೆ ತೋಟಗಳ ನಡುವೆ ಒಂದಷ್ಟು ದೂರ ನಡೆದರೆ ನಮ್ಮೂರು. ಮೊದಲ ಹದ ಮಳೆ ಬಿದ್ದ ಮಾರನೇ ದಿನ ಆ ದಾರಿಯಲ್ಲಿ ಎರಡು ವಾಸನೆ ಸೇರಿಕೊಂಡು ಬರುತ್ತಿತ್ತು. ಒಂದು ನೆಂದ ಕೆಂಪು ಮಣ್ಣಿನದು, ಇನ್ನೊಂದು ಮನೆಮನೆಯ ರೇಷ್ಮೆಹುಳುವಿನದು. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಮಗೆ ಅದು ಹಸಿವು ತರಿಸುತ್ತಿತ್ತು.

ಹಸಿವಿಗೆ ಕಾರಣವಿತ್ತು. ಬಿತ್ತನೆ ದಿನ ಹೊಲಕ್ಕೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಬೆಲ್ಲ ಬೆರೆಸಿದ ಹುರಿಗಾಳು ಬರುತ್ತಿತ್ತು. ಶಾಲೆಗೆ ಚಕ್ಕರ್ ಹೊಡೆಯಲು ಮನೆಯವರೇ ಅಪ್ಪಣೆ ಕೊಡುತ್ತಿದ್ದ ದಿನ ವರ್ಷಕ್ಕೆ ಅದೊಂದೇ. ಈಗ ಗೌರಿಬಿದನೂರಿನ ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತಾ, ರಜೆ ಹಾಕಿದ ಮಕ್ಕಳನ್ನು ನಿಲ್ಲಿಸಿ ಕಾರಣ ಕೇಳುವಾಗ ನನಗೆ ನನ್ನ ಮೇಲೇ ನಗು ಬರುತ್ತದೆ.

ನಮ್ಮ ಮನೆಯಲ್ಲಿ ಬಿತ್ತನೆ ಎಂದರೆ ಮುನಿಯತ್ತೆ. ಅಪ್ಪನ ಅಕ್ಕ. ವಿದುರಾಶ್ವತ್ಥದ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರಂತೆ. ಮೂರು ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅಲ್ಲೇ ಉಳಿದಳು. ಹೊಲದಲ್ಲಿ ಕಾಯಿ ಒಡೆದು ಆರತಿ ಎತ್ತಲು ಅವಳನ್ನು ಯಾರೂ ಕರೆಯುತ್ತಿರಲಿಲ್ಲ, ಅದು ಅಮ್ಮನ ಪಾಲು. ಆದರೆ ಆರತಿ ತಟ್ಟೆ ಕೆಳಗಿಟ್ಟ ಕೂಡಲೇ ಎಲ್ಲರೂ ಅತ್ತೆಯ ಕೈಯನ್ನೇ ನೋಡುತ್ತಿದ್ದರು. ಊರಲ್ಲಿ ಹತ್ತು ಮನೆಯವರು ಬಂದು, "ಮುನಿಯಕ್ಕಾ, ನಾಳೆ ನಮ್ಮ ಹೊಲಕ್ಕೆ ಬಾರಕ್ಕ, ನಿನ್ನ ಕೈ ಬೇಕು" ಎಂದು ಕೇಳಿಕೊಂಡು ಹೋಗುತ್ತಿದ್ದರು. ಶುಭಕಾರ್ಯಕ್ಕೆ ಬೇಡದ ಕೈ ಬೀಜಕ್ಕೆ ಹೇಗೆ ಬೇಕಾಯಿತು ಎಂದು ಆಗ ನನಗೆ ಹೊಳೆದಿರಲಿಲ್ಲ. ಈಗ ಹೊಳೆದರೆ ಸಿಟ್ಟು ಬರುತ್ತದೆ.

ಕೂರಿಗೆ ನೋಡದವರಿಗೆ ಒಂದು ಮಾತು. ಎತ್ತು ಎಳೆಯುವ ಉದ್ದನೆಯ ಮರದ ದಿಂಡು, ಅದರ ಕೆಳಗೆ ನೆಲ ಸೀಳುವ ಹನ್ನೆರಡು ತಾಳು, ಒಂದೊಂದು ತಾಳಿಗೂ ಒಂದೊಂದು ಬಿದಿರಿನ ಕೊಳವೆ. ಹನ್ನೆರಡು ಕೊಳವೆಗಳೂ ಮೇಲೆ ಬಂದು ಒಂದು ಮರದ ಬಟ್ಟಲಿಗೆ ಸೇರುತ್ತವೆ. ಅಪ್ಪ ಎತ್ತು ಹೊಡೆದರೆ, ಅತ್ತೆ ಬಗ್ಗಿ ನಡೆಯುತ್ತಾ ಬಟ್ಟಲಿಗೆ ರಾಗಿ ಬಿಡುತ್ತಿದ್ದಳು. ಮುಷ್ಟಿ ತುಂಬ ಹಿಡಿದು ಹೆಬ್ಬೆರಳು ಸವರಿ ಸವರಿ ಬಿಡುವಾಗ ಹನ್ನೆರಡು ತೂತಿಗೂ ಸಮನಾಗಿ ಕಾಳು ಬೀಳಬೇಕು. ಹೆಚ್ಚು ಬಿದ್ದರೆ ಪೈರು ಒತ್ತೊತ್ತಾಗಿ ಬಡಕಲಾಗುತ್ತದೆ, ಕಡಿಮೆಯಾದರೆ ಸಾಲು ಬೋಳು. ಅತ್ತೆ ಬಿಟ್ಟ ಹೊಲದಲ್ಲಿ ಬೋಳು ಹುಡುಕಿ ತೋರಿಸಿದವರು ಯಾರೂ ಇರಲಿಲ್ಲ.

ಹನ್ನೆರಡು ಸಾಲೂ ರಾಗಿಯಲ್ಲ. ಹನ್ನೊಂದು ರಾಗಿ, ಒಂದು ಅಕ್ಕಡಿ. ಬಟ್ಟಲಿನ ಕೊನೆಯ ತೂತಿಗೆ ಬಟ್ಟೆ ತುರುಕಿ ರಾಗಿ ಹೋಗದಂತೆ ಮಾಡುತ್ತಿದ್ದರು. ಆ ತಾಳು ಸೀಳಿದ ಗೆರೆಗೆ ಅಮ್ಮ ಹಿಂದಿನಿಂದ ಸಡ್ಡೆ ಎಂಬ ಒಂಟಿ ಬಿದಿರುಕೊಳವೆ ಹಿಡಿದು ಬರುತ್ತಾ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಎಲ್ಲ ಕಲಸಿದ ಬೀಜ ಬಿಡುತ್ತಿದ್ದಳು. ವರ್ಷವಿಡೀ ನಮ್ಮ ಮನೆಯ ಸಾರು, ಉಸಲಿ, ಚಟ್ನಿ ಆ ಒಂದೊಂದು ಸಾಲಿನಿಂದಲೇ ಬರಬೇಕಿತ್ತು.

ಆ ತೂತಿಗೆ ಬಟ್ಟೆ ತುರುಕುವುದು ನನ್ನ ಕೆಲಸ. ಐದು ವರ್ಷದವಳಿದ್ದಾಗಿನಿಂದ ನನ್ನದೇ. ಅತ್ತೆಯ ಹಳೆಯ ಹಸಿರು ಸೀರೆಯಿಂದ ಹರಿದ ಒಂದು ಚೂರು, ವರ್ಷವಿಡೀ ಕೂರಿಗೆಗೇ ಕಟ್ಟಿರುತ್ತಿತ್ತು. ಬಿತ್ತನೆ ದಿನ ಅದನ್ನು ಬಿಚ್ಚಿ ನನ್ನ ಕೈಗೆ ಕೊಡುತ್ತಿದ್ದಳು. ಎತ್ತು ಹೆಜ್ಜೆ ಇಡುವ ಮೊದಲು ಒಮ್ಮೆ ಕೇಳುತ್ತಿದ್ದಳು.

"ದಾರಿ ಮುಚ್ಚಿದ್ಯೇನಮ್ಮ ನಾಗೂ?"

"ಮುಚ್ಚಿದೆ ಅತ್ತೆ."

ನಾನು ಹಾಗೆ ಹೇಳದೆ ಕೂರಿಗೆ ಹೊರಡುವಂತಿರಲಿಲ್ಲ. ಮನೆಯಲ್ಲಿ ನನ್ನ ಮಾತಿಗೆ ಬೆಲೆ ಸಿಗುತ್ತಿದ್ದುದು ಅದೊಂದೇ ಹೊತ್ತಿನಲ್ಲಿ, ಆದ್ದರಿಂದ ಸ್ವಲ್ಪ ಗತ್ತಿನಿಂದಲೇ ಹೇಳುತ್ತಿದ್ದೆ.

ಇನ್ನೊಂದು ಕೆಲಸವೂ ನನ್ನದಿತ್ತು. ಬಿತ್ತನೆ ಮುಗಿಸಿ ಬಂದ ಸಂಜೆ ಅತ್ತೆ ಜಗಲಿಯ ಮೇಲೆ ಬೋರಲಾಗಿ ಮಲಗುತ್ತಿದ್ದಳು. ನಾನು ಗೋಡೆ ಹಿಡಿದುಕೊಂಡು ಅವಳ ಸೊಂಟದ ಮೇಲೆ ಹತ್ತಿ ನಿಲ್ಲುತ್ತಿದ್ದೆ. "ಇನ್ನೊಂಚೂರು ಕೆಳಗೆ. ಹಾಂ, ಅಲ್ಲೇ ತುಳಿ. ಜೋರಾಗಿ ತುಳಿ ಕಣೇ, ಅನ್ನ ತಿನ್ನಲ್ವಾ ನೀನು?" ಎನ್ನುತ್ತಿದ್ದಳು. ಕಾಲಡಿಯಲ್ಲಿ ಅವಳ ಬೆನ್ನಿನ ಮೂಳೆ ಕಟಕಟ ಎನ್ನುತ್ತಿತ್ತು. ನನಗೆ ಅದು ಆಟ. ಆ ಸೊಂಟ ಎಷ್ಟು ನೋಯುತ್ತಿತ್ತೆಂದು ಮನೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನ್ನ ಪಾದಕ್ಕೆ ಗೊತ್ತಿತ್ತು. ಮುಂದೆ ನಡೆದುದನ್ನು ಕೇಳುವಾಗ ಇದನ್ನು ನೆನಪಿನಲ್ಲಿಡಿ.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ಶಿಡ್ಲಘಟ್ಟದ ಹೊರಗೆ ಒಂದು ದೊಡ್ಡ ಬಯಲಿನಲ್ಲಿ ಕೃಷಿ ವಸ್ತುಪ್ರದರ್ಶನ ಮಾಡಿದರು. ಜೀಪಿಗೆ ಮೈಕು ಕಟ್ಟಿಕೊಂಡು ಊರೂರಿಗೂ ಬಂದು ಕೂಗಿದರು. ಹೊಸ ಬಿತ್ತನೆ ಯಂತ್ರ ಬಂದಿದೆ, ಕಣ್ಣಾರೆ ನೋಡಿ, ಯಂತ್ರದ ಒಂದು ಪಟ್ಟಿ, ಕೂರಿಗೆಯ ಒಂದು ಪಟ್ಟಿ ಪಕ್ಕಪಕ್ಕದಲ್ಲೇ ಬಿತ್ತಿ ತೋರಿಸುತ್ತೇವೆ, ಮೊಳಕೆ ಬಂದ ಮೇಲೆ ನೀವೇ ತೀರ್ಪು ಹೇಳಿ ಎಂದು. ಕೂರಿಗೆಯ ಪಟ್ಟಿಗೆ ಯಾರು ಎಂಬ ಮಾತು ಬಂದಾಗ ಸುತ್ತಲ ಹಳ್ಳಿಯವರೆಲ್ಲ ಹೇಳಿದ್ದು ಅತ್ತೆಯ ಹೆಸರನ್ನೇ.

ಅಪ್ಪ ಅದಕ್ಕೊಂದು ಬಾಲ ಸೇರಿಸಿದ. ಊಟಕ್ಕೆ ಕುಳಿತಾಗ, ಮುದ್ದೆ ಮುರಿಯುತ್ತಾ, ತಟ್ಟೆಯನ್ನೇ ನೋಡುತ್ತಾ ಹೇಳಿದ.

"ಅಕ್ಕ, ನಾವು ನಾಲ್ಕು ಮನೆಯೋರು ಮಾತಾಡ್ಕೊಂಡಿದೀವಿ. ಮಿಷೀನಿನ ಪಟ್ಟಿ ಚೆನ್ನಾಗಿ ಬಂದ್ರೆ ಎಲ್ರೂ ಸೇರಿ ಅದನ್ನ ತರಣ ಅಂತ. ಎತ್ತು ಚಿಂತಾಮಣಿ ಸಂತೆಗೆ ಹೊಡ್ಕೊಂಡು ಹೋಗ್ತೀನಿ. ನಿನ್ನ ಪಟ್ಟಿ ಗೆದ್ರೆ ಎತ್ತೂ ಇರ್ಲಿ, ಕೂರಿಗೇನೂ ಇರ್ಲಿ. ಏನಂತೀಯ?"

"ನನ್ನೇನ್ ಕೇಳ್ತೀಯಪ್ಪ, ನೀವೇ ಮಾತಾಡ್ಕೊಂಡಿದೀರಲ್ಲ" ಎಂದಳು ಅತ್ತೆ. ಎದ್ದು ಅವನಿಗೆ ಬಸ್ಸಾರು ಬಡಿಸಿದಳು.

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟೆ. ಕರಿಯ ಮತ್ತು ಮೈಲ ಎಂಬ ಎರಡು ಎತ್ತುಗಳು ಕೊಟ್ಟಿಗೆಯಲ್ಲಿ ಮೆಲುಕು ಹಾಕುವ ಸದ್ದು ಊಟದ ಮನೆಗೆ ಕೇಳುತ್ತಿತ್ತು. ಮೈಲ ನನ್ನ ಜಡೆಯ ಟೇಪನ್ನು ನೆಕ್ಕುತ್ತಿತ್ತು. ಕರಿಯನಿಗೆ ನಾನೇ ಬೂಸಾ ಇಡಬೇಕಿತ್ತು. ಎತ್ತು ಹೋದರೆ ಕೂರಿಗೆ ಹೋಯಿತು. ಕೂರಿಗೆ ಹೋದರೆ ಅತ್ತೆಯನ್ನು ಯಾರು ಕರೆಯುತ್ತಾರೆ? ತೂತು ಮುಚ್ಚಲು ನನ್ನನ್ನು ಯಾರು ಕರೆಯುತ್ತಾರೆ?

ಪ್ರದರ್ಶನದ ದಿನ ಬೆಳಗ್ಗೆ ಕೂರಿಗೆಯನ್ನು ಗಾಡಿಗೆ ಹಾಕಿಕೊಂಡು ಹೊರಟೆವು. ಹೊರಡುವಾಗಲೇ ಅತ್ತೆ ಹಸಿರು ಚೂರನ್ನು ಬಿಚ್ಚಿ ನನ್ನ ಕೈಗಿಟ್ಟು, "ಜೋಪಾನ" ಎಂದಳು. ಬಯಲಿನಲ್ಲಿ ಎಲ್ಲಿ ನೋಡಿದರೂ ಜನ. ಶಾಮಿಯಾನದ ಕೆಳಗೆ ಗಾಜಿನ ಬಾಟಲಿಗಳಲ್ಲಿ ಬೀಜ, ಬಿಳಿ ಬಟ್ಟೆಯ ಮೇಲೆ ರೇಷ್ಮೆಗೂಡು, ಕಪ್ಪಗೆ ಹೊಗೆ ಬಿಟ್ಟು ಬಡಬಡಿಸುವ ಪಂಪ್‌ಸೆಟ್ಟು. ಬೋಂಡದ ಎಣ್ಣೆ ಮತ್ತು ಡೀಸೆಲ್ ವಾಸನೆ ಕಲೆತು ಬರುತ್ತಿತ್ತು. ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತಿತ್ತು, ಬೋಂಡದ ಅಂಗಡಿಯ ಸಾಬರು ಎರಡನ್ನೂ ಬಿಟ್ಟು ಉರ್ದುವಿನಲ್ಲಿ ಬೈಯುತ್ತಿದ್ದರು.

ನಡುವೆ ಆ ಯಂತ್ರ ನಿಂತಿತ್ತು. ಟ್ರ್ಯಾಕ್ಟರಿನ ಹಿಂದೆ ಕೆಂಪು ಬಣ್ಣದ ಉದ್ದನೆ ಪೆಟ್ಟಿಗೆ, ಅದರಿಂದ ಇಳಿದ ಒಂಬತ್ತು ಕಪ್ಪು ರಬ್ಬರ್ ಕೊಳವೆ, ಹಿಂದೆ ನಿಗಾ ನೋಡುವವರು ಕೂರಲು ಒಂದು ಪುಟ್ಟ ಕಬ್ಬಿಣದ ಸೀಟು. ಅದನ್ನು ತೋರಿಸಲು ಬಂದಿದ್ದವರು ಟೋಪಿ ಹಾಕಿದ್ದ ಒಬ್ಬ ಸಣ್ಣ ವಯಸ್ಸಿನವರು. ಗಂಟಲು ಆಗಲೇ ಕಟ್ಟಿತ್ತು, ಆದರೂ ಬಂದವರಿಗೆಲ್ಲ ಮೊದಲಿನಿಂದ ಹೇಳುತ್ತಿದ್ದರು. ನನಗೆ ಒಂದು ಐಸ್‌ಕ್ಯಾಂಡಿ ಕೊಡಿಸಿದರು. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಅತ್ತೆ ಆ ಯಂತ್ರವನ್ನು ಎರಡು ಸುತ್ತು ಹಾಕಿದಳು. ಪೆಟ್ಟಿಗೆಯೊಳಗೆ ಕೈಹಾಕಿ ತೂತುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಇದಕ್ಕೆ ಬಗ್ಗೋ ಹಂಗೇ ಇಲ್ವಾ?"

"ಎಲ್ಲಿ ಬಗ್ಗೋದಕ್ಕ? ಆ ಸೀಟಲ್ಲಿ ಕೂತು ಬೀಜ ಇದೆಯಾ ಇಲ್ವಾ ಅಂತ ನೋಡ್ಕೊಂಡ್ರೆ ಆಯ್ತು."

"ಹೆಂಗಸ್ರು ಕೂರ್ಬೋದಾ?"

"ಯಾಕ್ ಕೂರ್ಬಾರ್ದು? ಕೂತ್ಕೊಳಿ ಅಕ್ಕ, ಕೂತ್ ನೋಡಿ."

ಸುತ್ತ ನಿಂತ ಗಂಡಸರು ನಕ್ಕರು. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೀಟಿನ ಮೇಲಿನ ಧೂಳು ಒರೆಸಿ, ಕುಳಿತೇ ಬಿಟ್ಟಳು. ಬೆನ್ನು ನೆಟ್ಟಗೆ ಮಾಡಿಕೊಂಡು, ಎರಡೂ ಕೈ ಪೆಟ್ಟಿಗೆಯ ಮೇಲಿಟ್ಟು, ಮುಂದೆ ಖಾಲಿ ಹೊಲವನ್ನು ನೋಡಿದಳು. ನಮ್ಮೂರಿನ ವೆಂಕಟರೆಡ್ಡಿ ತಾತ, "ಬಾಗುಂದಿ, ಚೆನ್ನಾಗೈತೆ! ಮುನಿಯಮ್ಮ ಇಂಜಿನಿಯರಮ್ಮ ಆಗ್ಬುಟ್ಳು!" ಎಂದು ಕೂಗಿದ. ಅತ್ತೆ ನಗುತ್ತಿದ್ದಳು. ಹಲ್ಲು ಕಾಣುವಂತೆ ನಗುತ್ತಿದ್ದಳು. ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಹೊಟ್ಟೆ ಉರಿಯಿತು. ಅತ್ತೆ ನಮ್ಮ ಪಕ್ಷ ಬಿಟ್ಟು ಆ ಕಡೆ ಹೋದಳು ಎನಿಸಿತು.

ಯಂತ್ರದ ಸರದಿಯೇ ಮೊದಲು. ಟೋಪಿಯವರು ರಾಗಿ ತುಂಬಿದ ಡಬ್ಬ ತಂದು, ಜನರ ಮುಂದೆ ನನ್ನ ಭುಜ ಹಿಡಿದು, "ಈ ಪುಟ್ಟಿ ಕೈಯಿಂದಾನೇ ಬೀಜ ಸುರಿಸ್ತೀವಿ ನೋಡಿ, ಮಕ್ಕಳೂ ಮಾಡ್ಬೋದಾದ ಕೆಲ್ಸ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಟ್ರ್ಯಾಕ್ಟರಿನವನು ಏನೋ ಕೇಳಿದನೆಂದು ಅವರು ಮುಂದಕ್ಕೆ ಹೋದರು. ಜನರೆಲ್ಲ ಅತ್ತ ತಿರುಗಿದರು. ನಾನು ಪೆಟ್ಟಿಗೆಯೊಳಗೆ ನೋಡಿದೆ. ಒಂಬತ್ತು ತೂತು ಖಾಲಿ ಇದ್ದವು. ನನ್ನ ಕೈಯಲ್ಲಿ ಹಸಿರು ಚೂರಿತ್ತು.

ಬಹಳ ವರ್ಷ ನನಗೆ ನಾನೇ ಹೇಳಿಕೊಂಡದ್ದು, ಅದು ಅಭ್ಯಾಸ ಎಂದು. ತೂತು ಕಂಡರೆ ಕೊನೆಯದನ್ನು ಮುಚ್ಚುವುದು ನನ್ನ ಕೆಲಸವಲ್ಲವೇ? ಅಕ್ಕಡಿಗೆ ಜಾಗ ಬಿಡದೆ ರಾಗಿ ಬಿತ್ತುವುದುಂಟೇ? ಪಾಪ, ಟೋಪಿಯವರಿಗೆ ಗೊತ್ತಿಲ್ಲ ಎಂದು ನಾನೇ ಮುಚ್ಚಿದೆ. ಹೀಗೆ. ಈ ಕತೆ ಚೆನ್ನಾಗಿಯೇ ಇದೆ, ಆದರೆ ಸುಳ್ಳು. ಕೂರಿಗೆಯ ತೂತು ಮುಚ್ಚುವಾಗ ನಾನು ಸುತ್ತಮುತ್ತ ನೋಡುತ್ತಿರಲಿಲ್ಲ. ಅವತ್ತು ನೋಡಿದೆ. ನೋಡಿಯೇ ಕೊನೆಯ ತೂತಿಗೆ ಬಟ್ಟೆ ತುರುಕಿದೆ, ಹೆಬ್ಬೆರಳಿನಿಂದ ಒತ್ತಿದೆ, ಮೇಲೆ ರಾಗಿ ಸುರಿದೆ.

ಟ್ರ್ಯಾಕ್ಟರು ಪಟ್ಟಿಯ ಆ ತುದಿಗೆ ಹೋಗಿ ತಿರುಗಿ ಈ ತುದಿಗೆ ಬಂತು. ಮುಗಿಯಿತು. ಬೀಡಿ ಹಚ್ಚಿದವರು ಒಂದು ದಮ್ಮು ಎಳೆಯುವಷ್ಟರಲ್ಲಿ ಹದಿನೆಂಟು ಸಾಲು. ಜನ ಬಾಯಿಬಿಟ್ಟುಕೊಂಡು ನಿಂತರು.

ಆಮೇಲೆ ನಮ್ಮದು. ಅಪ್ಪ ಎತ್ತು ಹೂಡಿದ. ಅಮ್ಮ ಸಡ್ಡೆ ಹಿಡಿದಳು. ಅತ್ತೆ ಬಟ್ಟಲಿನ ಮುಂದೆ ಬಗ್ಗಿ, ರೂಢಿಯಂತೆ ಕೇಳಿದಳು.

"ದಾರಿ ಮುಚ್ಚಿದ್ಯೇನಮ್ಮ ನಾಗೂ?"

ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

"ಬಟ್ಟೆ ಎಲ್ಲಮ್ಮ?"

"ಕಳೆದೋಯ್ತು."

"ಎಲ್ಲಿ ಕಳೆದೋಯ್ತು? ಈಗ ಇತ್ತಲ್ಲೇ ಕೈಲಿ."

"ಎಲ್ಲೋ ಬಿದ್ದೋಯ್ತು ಅತ್ತೆ."

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಉಟ್ಟ ಸೀರೆಯ ಸೆರಗಿನ ಅಂಚನ್ನು ಹಲ್ಲಿನಿಂದ ಕಚ್ಚಿ ಒಂದು ಚೂರು ಹರಿದು, ಅವಳೇ ತೂತು ಮುಚ್ಚಿದಳು. ಅಪ್ಪ ಎತ್ತು ಹೊಡೆದ.

ಎಂಟನೇ ದಿನ ಮೊಳಕೆ ನೋಡಲು ಹೋದೆವು. ಆ ಏಳು ದಿನ ನಾನು ಅನ್ನ ಉಂಡದ್ದು ನೆನಪಿಲ್ಲ. ಶಾಲೆಯಲ್ಲಿ ಕುಂಟೆಬಿಲ್ಲೆ ಆಡುವಾಗ ಗೆರೆ ಗೆರೆಯಲ್ಲೂ ಆ ಸಾಲೇ ಕಾಣುತ್ತಿತ್ತು. ಎಲ್ಲಾದರೂ ಟೋಪಿಯವರು ಪೆಟ್ಟಿಗೆ ತೊಳೆಯುವಾಗ ಹಸಿರು ಚೂರು ಸಿಕ್ಕಿ, ಅದನ್ನು ಹಿಡಿದುಕೊಂಡು ಮನೆಗೆ ಬಂದುಬಿಟ್ಟರೆ ಎಂದು ಬಾಗಿಲ ಕಡೆಗೇ ಕಣ್ಣು.

ಕೂರಿಗೆಯ ಪಟ್ಟಿ ಅಂಕುಡೊಂಕಾಗಿತ್ತು, ಆದರೆ ತುಂಬಿ ಬಂದಿತ್ತು. ಅಕ್ಕಡಿ ಸಾಲಿನಲ್ಲಿ ಅವರೆ ಎರಡೆರಡು ದಪ್ಪ ಎಲೆ ಬಿಟ್ಟಿತ್ತು. ಯಂತ್ರದ ಪಟ್ಟಿ ಸ್ಕೇಲು ಇಟ್ಟು ಎಳೆದಂತೆ ನೆಟ್ಟಗೆ, ಹಸಿರಾಗಿ, ಎಷ್ಟು ಚೆನ್ನಾಗಿತ್ತೆಂದರೆ ಮೊದಲು ನೋಡಿದವರು ಹಾ ಎಂದರು. ಆಮೇಲೆ ನಡುವೆ ನೋಡಿದರು. ಟ್ರ್ಯಾಕ್ಟರು ಹೋದ ದಾರಿಯ ಪಕ್ಕದಲ್ಲೇ ವಾಪಸ್ ಬಂದದ್ದರಿಂದ ಖಾಲಿ ಸಾಲುಗಳೆರಡೂ ಪಕ್ಕಪಕ್ಕ ಬಿದ್ದು, ಪಟ್ಟಿಯ ಉದ್ದಕ್ಕೂ ಬೈತಲೆ ತೆಗೆದಂತೆ ಕೆಂಪು ಮಣ್ಣು ಕಾಣುತ್ತಿತ್ತು. ನಾನು ಒಂದು ಸಾಲು ಎಂದುಕೊಂಡಿದ್ದೆ. ಅಷ್ಟು ಅಗಲವಾಗಿ ಕಾಣುತ್ತದೆಂದು ಗೊತ್ತಿರಲಿಲ್ಲ.

"ಏನ್ ಸಾರ್, ಅಕ್ಕಡಿಗೆ ಜಾಗ ಬಿಟ್ಟಿದೀರೇನು?" ಎಂದ ವೆಂಕಟರೆಡ್ಡಿ ತಾತ. ಬಯಲೆಲ್ಲ ನಗು.

ಟೋಪಿಯವರು ಮಂಡಿಯೂರಿ ಮಣ್ಣು ಕೆದಕುತ್ತಿದ್ದರು. "ಎಲ್ಲೋ ಕಟ್ಕೊಂಡಿದೆ... ಹಿಂಗಾಗಲ್ಲ... ಎಲ್ಲೂ ಹಿಂಗಾಗಿಲ್ಲ" ಎನ್ನುತ್ತಿದ್ದರು. ಅಪ್ಪ ನಗಲಿಲ್ಲ. ಅವನು ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ.

"ಅಲ್ಲ ಸಾರ್, ಕಟ್ಕೊಂಡಿದ್ದು ನಿಮಗೆ ಗೊತ್ತಾಗ್ಲಿಲ್ವಲ್ಲ? ನಮ್ಮಕ್ಕನ ಕೈಗಾಗಿದ್ರೆ ನಾಲ್ಕು ಹೆಜ್ಜೆಗೆ ಗೊತ್ತಾಗ್ತಿತ್ತು. ಇದು ಹೊಲ ಪೂರ್ತಿ ಖಾಲಿ ಬಿಟ್ಟು ಬಂದ್ರೂ ಹೇಳಲ್ಲ. ಎಂಟು ದಿನ ಆದ್ಮೇಲೆ ಗೊತ್ತಾದ್ರೆ, ಹೋದ ಮಳೆ ವಾಪಸ್ ಬರುತ್ತಾ?"

ಅವರು ಅಪ್ಪನ ಮುಖವನ್ನೊಮ್ಮೆ, ಖಾಲಿ ಸಾಲನ್ನೊಮ್ಮೆ ನೋಡಿದರು. ಟೋಪಿ ತೆಗೆದು ಬೆವರು ಒರೆಸಿಕೊಂಡರು. ಆ ಮುಖ ನನಗೆ ಮರೆತಿಲ್ಲ.

ಅತ್ತೆ ಆ ಖಾಲಿ ಗೆರೆಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಬೆರಳಿನಿಂದ ಮಣ್ಣು ಸರಿಸಿದಳು. ಒಂದೂ ಕಾಳಿರಲಿಲ್ಲ. ಸಾಲುಗಳನ್ನು ಎಣಿಸಿದಳು. ಒಂದು ಕಡೆಯಿಂದ ಎಂಟು, ಇನ್ನೊಂದು ಕಡೆಯಿಂದ ಎಂಟು. ತಲೆಯೆತ್ತಿ ನೇರವಾಗಿ ನನ್ನನ್ನು ನೋಡಿದಳು. ನಾನು ಅಮ್ಮನ ಹಿಂದೆ ಸರಿದೆ. ಅವಳು ಸರಿಸಿದ ಮಣ್ಣನ್ನು ಮತ್ತೆ ಮುಚ್ಚಿ, ಅಂಗೈಯಿಂದ ತಟ್ಟಿ, ಸೊಂಟ ಹಿಡಿದುಕೊಂಡು ಎದ್ದಳು.

ಪ್ರದರ್ಶನದವರು ಅತ್ತೆಗೆ ಒಂದು ಸ್ಟೀಲ್ ಬಿಂದಿಗೆ ಬಹುಮಾನ ಕೊಟ್ಟರು. ಊರಿಗೆ ಬಂದಾಗ ಕಟ್ಟೆಯ ಮೇಲೆ ಕುಳಿತಿದ್ದವರೆಲ್ಲ ಎದ್ದು, "ಮುನಿಯಕ್ಕ ಟ್ರ್ಯಾಕ್ಟರನ್ನೇ ಸೋಲಿಸ್ಬುಟ್ಳು" ಎಂದು ಕೂಗಾಡಿದರು. ಅಪ್ಪ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿದ. ನಾನು ಮೈಲನ ಕುತ್ತಿಗೆ ತಬ್ಬಿಕೊಂಡು ಅತ್ತುಬಿಟ್ಟೆ. ಯಾಕೆಂದು ಅಮ್ಮ ಕೇಳಿದರೆ ಖುಷಿಗೆ ಎಂದೆ. ಆ ಬಿಂದಿಗೆಯನ್ನು ಅತ್ತೆ ಒಂದು ದಿನವೂ ನೀರಿಗೆ ಇಳಿಸಲಿಲ್ಲ. ಮೈಮೇಲಿನ ಕಾಗದದ ಚೀಟಿ ಕೀಳದೆಯೇ ಅಟ್ಟದ ಮೇಲಿಟ್ಟಳು, ಅದು ಅಲ್ಲೇ ಉಳಿಯಿತು.

ಅದಾದ ಮೇಲೆ ಒಂಬತ್ತು ಬಿತ್ತನೆ ಅತ್ತೆ ಬಗ್ಗಿ ನಡೆದಳು. ಟ್ರ್ಯಾಕ್ಟರ್ ಸೋಲಿಸಿದವಳೆಂದು ಕರೆಯುವವರು ಇನ್ನೂ ಹೆಚ್ಚಾದರು. ಹತ್ತು ಮನೆ ಹದಿನೈದಾಯಿತು. ಪ್ರತಿ ವರ್ಷ ಹೊಸ ಹಸಿರು ಚೂರು ನನ್ನ ಕೈಗೆ ಬರುತ್ತಿತ್ತು, ಅವಳು ಕೇಳುತ್ತಿದ್ದಳು, ನಾನು ಮುಚ್ಚಿದೆ ಎನ್ನುತ್ತಿದ್ದೆ. ಗತ್ತು ಹೋಗಿತ್ತು. ಸಂಜೆ ಅವಳ ಸೊಂಟ ತುಳಿಯುವಷ್ಟು ನಾನು ಹಗುರವಾಗಿ ಉಳಿಯಲಿಲ್ಲ, ಹರಳೆಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ಕೊನೆಕೊನೆಗೆ ಅವಳಿಗೆ ಬಿತ್ತನೆ ಮುಗಿದ ಮೇಲೂ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಬಗ್ಗಿದವಳು ಬಗ್ಗಿದಂತೆಯೇ ಉಳಿದಳು. ಆ ಕಬ್ಬಿಣದ ಸೀಟಿನ ಮೇಲೆ ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದು ಕಣ್ಣಿಗೆ ಬಂದಾಗಲೆಲ್ಲ ನನಗೆ ಎದ್ದು ಎಲ್ಲಾದರೂ ಓಡಿಹೋಗೋಣ ಎನಿಸುತ್ತಿತ್ತು. ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ, ಹೇಳಲಿಲ್ಲ.

ಕರಿಯ ಸತ್ತ ವರ್ಷ ಅಪ್ಪ ಜೊತೆಯೆತ್ತು ತರಲಿಲ್ಲ. ಅಷ್ಟು ಹೊತ್ತಿಗೆ ಬಾಡಿಗೆಗೆ ಬಿತ್ತನೆ ಯಂತ್ರ ಊರೂರಿಗೂ ಬರುತ್ತಿತ್ತು. ನಮ್ಮ ಹೊಲಕ್ಕೂ ಮೊದಲ ಸಲ ಬಂತು. ನನಗಾಗ ಹೊಸದಾಗಿ ಕೆಲಸ ಸಿಕ್ಕಿತ್ತು, ಬಿತ್ತನೆಗೆಂದು ರಜೆ ಹಾಕಿ ಬಂದಿದ್ದೆ. ಅತ್ತೆ ಕೋಲೂರಿಕೊಂಡು ಬದುವಿನ ತನಕ ಬಂದಳು. ಟ್ರ್ಯಾಕ್ಟರಿನವನನ್ನು ಕೈಸನ್ನೆ ಮಾಡಿ ಕರೆದಳು.

"ಏನಪ್ಪ, ಒಂದು ಕೊಳವೆ ಮುಚ್ಚಿದ್ರೆ ನಿನಗೇನಾದ್ರೂ ತೊಂದ್ರೆ ಆಗುತ್ತಾ?"

"ಯಾಕಜ್ಜಿ? ಸಾಲು ಖಾಲಿ ಬೀಳುತ್ತೆ. ಆಮೇಲೆ ನನ್ನ ಬೈಬೇಡಿ ಮತ್ತೆ."

"ಬೈಯಲ್ಲ. ಅಕ್ಕಡಿಗೆ ಬೇಕು."

"ಮುಚ್ಕೊಳಿ, ನನಗೇನು."

ಅವಳು ಮಡಿಲಿನಿಂದ ಹಸಿರು ಚೂರೊಂದನ್ನು ತೆಗೆದು ನನ್ನ ಕಡೆ ಚಾಚಿದಳು.

"ತಗೋಮ್ಮ. ಅವತ್ತು ಯಾರನ್ನೂ ಕೇಳ್ದೆ ಮುಚ್ಚಿದ್ಯಲ್ಲ. ಇವತ್ತು ಅವನನ್ನ ಕೇಳಿದೀನಿ, ಮುಚ್ಚು."

ನಾನು ಅಲ್ಲೇ ಬದುವಿನ ಮೇಲೆ ಕುಳಿತುಬಿಟ್ಟೆ. ಆರು ವರ್ಷದವಳಂತೆ ಜೋರಾಗಿ ಅಳತೊಡಗಿದೆ. ಕೆಲಸಕ್ಕೆ ಸೇರಿದ ಟೀಚರು ಹಾಗೆ ಅಳುವುದನ್ನು ನೋಡಿ ಟ್ರ್ಯಾಕ್ಟರಿನವನು ಮುಖ ತಿರುಗಿಸಿಕೊಂಡ. ಕಣ್ಣು ಒರೆಸಿಕೊಂಡು ಕೇಳಿದೆ.

"ಗೊತ್ತಿದ್ರೂ ಯಾಕ್ ಹೇಳ್ಲಿಲ್ಲ ಅತ್ತೆ? ನಿಂಗೆ ಆ ಮಿಷೀನು ಬೇಕಾಗಿತ್ತು."

"ಬೇಕಾಗಿತ್ತು ಕಣಮ್ಮ. ಸುಳ್ಳು ಯಾಕೆ ಹೇಳ್ಲಿ." ಕೋಲಿನ ತುದಿಯಿಂದ ಮಣ್ಣು ಕೆದಕಿದಳು. "ಆದ್ರೆ ಅವತ್ತು ಅಷ್ಟು ಜನ ನನ್ನ ಹೆಸ್ರು ಕೂಗಿದ್ರಲ್ಲ, ನಿಮ್ಮಪ್ಪ ಎಲ್ರೆದುರಿಗೂ ನಮ್ಮಕ್ಕನ ಕೈ ಅಂದ. ತವರಿಗೆ ವಾಪಸ್ ಬಂದು ಇಪ್ಪತ್ತು ವರ್ಷಕ್ಕೆ ಅದೊಂದು ಸಲ. ಅದನ್ನ ಕಳ್ಕೊಳಕ್ಕೆ ನನಗೂ ಮನಸ್ಸು ಬರ್ಲಿಲ್ಲ. ನಿಂದು ಅರ್ಧ, ನಂದು ಅರ್ಧ. ಏಳು, ಅವನು ಕಾಯ್ತಾವ್ನೆ."

ಎದ್ದು ಹೋಗಿ ಕೊನೆಯ ಕೊಳವೆ ಮುಚ್ಚಿದೆ. ಅವಳು ಕೇಳಿದಳು, ನಾನು ಹೇಳಿದೆ, ಯಂತ್ರ ಹೊರಟಿತು. ಅಮ್ಮ ಹಿಂದಿನಿಂದ ಸಡ್ಡೆ ಹಿಡಿದು ಓಡಿ ಓಡಿ ಸುಸ್ತಾದಳು. ಆ ವರ್ಷ ಸಂಕ್ರಾಂತಿಗೆ ಆ ಸಾಲಿನ ಅವರೆಕಾಯಿ ಸೊಗಡು ಕೈಗೆ ಅಂಟಿಕೊಂಡಿತ್ತು. ಅತ್ತೆ ಉಂಡ ಕೊನೆಯ ಅವರೆ ಅದು.

ಅವಳು ಹೋದ ಮೇಲೂ ಒಂದೆರಡು ವರ್ಷ ಅಕ್ಕಡಿಗೆಂದು ಆ ಸಾಲು ಖಾಲಿ ಬಿಟ್ಟೆವು. ಯಂತ್ರದ ವೇಗಕ್ಕೆ ಸಡ್ಡೆ ಹಿಡಿದು ಓಡುವವರು ಸಿಗಲಿಲ್ಲ, ನಿಂತುಹೋಯಿತು. ಈಗ ಹುಚ್ಚೆಳ್ಳನ್ನು ಅಂಗಡಿಯಲ್ಲಿ ಪೊಟ್ಟಣ ಲೆಕ್ಕದಲ್ಲಿ ತರುತ್ತೇವೆ. ನನ್ನ ಮಗಳಿಗೆ ಅದರ ಹಳದಿ ಹೂವು ಗೊತ್ತಿಲ್ಲ. ಬಸ್ಸಿನಲ್ಲಿ ಊರಿಗೆ ಹೋಗುವಾಗ ಕಿಟಕಿಯಿಂದ ರಾಗಿ ಹೊಲಗಳನ್ನು ನೋಡುತ್ತೇನೆ. ಎಲ್ಲವೂ ಒಂದೇ ಹಸಿರು. ಚೆನ್ನಾಗಿಯೇ ಇವೆ, ಯಾರ ಸೊಂಟವೂ ನೋಯದೆ ಬಂದ ಪೈರು. ಅದನ್ನು ಬೈಯುವ ಹಕ್ಕು ನನಗಿಲ್ಲ.

ಈ ಸಲ ಆಷಾಢದಲ್ಲಿ ಚಿಂತಾಮಣಿ ಹತ್ತಿರ ಕೃಷಿ ಮೇಳ ನಡೆಯುತ್ತಿದೆ ಎಂದು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬೋಂಡದ ಎಣ್ಣೆ, ಡೀಸೆಲ್, ನೆಂದ ಮಣ್ಣು, ವಾಸನೆ ಮಾತ್ರ ಹಾಗೇ ಇತ್ತು. ಒಂದು ಹೊಸ ಬಿತ್ತನೆ ಯಂತ್ರವನ್ನು ಚೂಡಿದಾರ್ ಹಾಕಿದ್ದ ಒಬ್ಬಳು ಹುಡುಗಿ ತೋರಿಸುತ್ತಿದ್ದಳು. ಅವಳೇ ಟ್ರ್ಯಾಕ್ಟರ್ ಹತ್ತಿ ಓಡಿಸಿದಳು, ಯಾರೂ ನಗಲಿಲ್ಲ. ಅತ್ತೆ ನೋಡಬೇಕಿತ್ತು. ಪ್ರತಿ ಕೊಳವೆಗೂ ಒಂದು ಸೆನ್ಸರ್ ಇದೆ, ಎಲ್ಲಾದರೂ ಬೀಜ ಕಟ್ಟಿಕೊಂಡರೆ ಆ ಕ್ಷಣವೇ ಕೂಗಿ ಹೇಳುತ್ತದೆ ಎಂದಳು. ಅಪ್ಪನ ಪ್ರಶ್ನೆಗೆ ಕೊನೆಗೂ ಯಾರೋ ಉತ್ತರ ಕಂಡುಹಿಡಿದಿದ್ದರು.

"ನಂಬಿಕೆ ಇಲ್ದಿದ್ರೆ ಯಾರಾದ್ರೂ ಬಂದು ಮುಚ್ಚಿ ನೋಡಿ" ಎಂದು ಒಂದು ಬಟ್ಟೆ ಚೂರು ಎತ್ತಿ ಹಿಡಿದಳು.

ನನ್ನ ಕಾಲು ತಾನಾಗಿಯೇ ಮುಂದೆ ಹೋಯಿತು. ಬಟ್ಟೆ ಇಸಿದುಕೊಂಡೆ.

"ಮುಚ್ಲೇನಮ್ಮ?"

"ಮುಚ್ಚಿ ಮೇಡಂ, ಅದಕ್ಕೇ ತಾನೆ ಕೊಟ್ಟಿದ್ದು."

ಕೊನೆಯ ಕೊಳವೆಯನ್ನೇ ಹುಡುಕಿ ಮುಚ್ಚಿದೆ. ಹೆಬ್ಬೆರಳಿನಿಂದ ಒತ್ತಿದೆ. ಯಂತ್ರ ಎರಡು ಮಾರು ಹೋಗುವಷ್ಟರಲ್ಲಿ ಕೀ ಎಂದು ಕಿರುಚಿಕೊಂಡಿತು, ಕೆಂಪು ದೀಪ ಹತ್ತಿತು. ನನ್ನ ಶಾಲೆಯ ಮಕ್ಕಳು ಕೇಕೆ ಹಾಕಿ ಚಪ್ಪಾಳೆ ತಟ್ಟಿದರು. ಹುಡುಗಿ ಇಳಿದು ಬಂದು ಬಟ್ಟೆಯನ್ನು ಎಳೆದು ತೆಗೆದಳು. ಅವಳ ಮುಖದಲ್ಲಿ ಗ್ಯಾರಂಟಿ ಕೊಡುವ ಸಂತೋಷವಿತ್ತು.

"ನೋಡಿದ್ರಲ್ಲ ಮೇಡಂ? ಇನ್ಮೇಲೆ ಹೊಲದಲ್ಲಿ ಒಂದು ಸಾಲೂ ಖಾಲಿ ಉಳಿಯಲ್ಲ."

"ಹೌದಮ್ಮ, ಉಳಿಯಲ್ಲ" ಎಂದೆ.